ಹನ್ನೆರಡನೆಯ ತಿಂಗಳು

ಈ ತಿಂಗಳು ಕೀಲಿ ನಮ್ಮನೆಯಲ್ಲಿದೆ.
ಒಂದೂವರೆ ಮೊಳದ ಕಬ್ಬಿಣ, ತುದಿಗೆ ಚೌಕದ ಬಾಯಿ.
ರಾಗಿ ಡಬ್ಬದ ಹಿಂದೆ ಒರಗಿಸಿಟ್ಟಿದ್ದೇನೆ.
ರಾತ್ರಿಯೆಲ್ಲ ಅದರದೇ ಯೋಚನೆ,
ಮನೆಗೆ ಬಾಣಂತಿ ಬಂದ ಹಾಗೆ.

ಅಂಗನವಾಡಿಯಲ್ಲಿ ಉಪ್ಪಿಟ್ಟು ಕೆದಕುವ ಕೈ ನನ್ನದು,
ಕೆರೆ ಆಳುವ ಕೈಯಲ್ಲ ಅಂದೆ.
ಸೂರಮ್ಮ ನಕ್ಕಳು:
"ಆಳೋರು ಯಾರೇ ಇಲ್ಲಿ? ತಿರುವೋರು ಅಷ್ಟೆ.
ಎಡಕ್ಕೆ ಮೂರು ಸುತ್ತು, ಬೆಳಿಗ್ಗೆ ಬಲಕ್ಕೆ ಮೂರು.
ಲೆಕ್ಕ ತಪ್ಪಿದ್ರೆ ಕೂಗು."

ನೀರಗಂಟಿ ಪಾಲಯ್ಯ ಇದ್ದಾಗ ಹೀಗಿರಲಿಲ್ಲ.
ಅವನ ಕಿವಿಗೆ ಕಾಲುವೆಯ ಸದ್ದೇ ಗಡಿಯಾರ;
ಯಾರ ಬದು ಒಡೆದಿದೆ ಎಂದು
ಮಲಗಿದಲ್ಲಿಂದಲೇ ಹೇಳುತ್ತಿದ್ದ.
ಒಂಬತ್ತು ವರ್ಷದ ಮೇಲೆ ಕೋಡಿ ಬಿತ್ತಲ್ಲ,
ಆ ವರ್ಷವೇ ಹೋದ.

ಅವನ ತಿಥಿ ಮುಗಿಯುವುದರೊಳಗೆ
ಮೂರು ಜನ ಬಿಳಿ ಅಂಗಿ ಇಸ್ತ್ರಿ ಮಾಡಿಸಿದರು.
ಮೂರು ಬಣ, ಮೂರು ಶಾಮಿಯಾನ, ಮೂರು ಮೈಕು.
ಅಷ್ಟರಲ್ಲಿ ಯಾರೂ ನೋಡದ ತೂಬು ಸೋರಿ ಸೋರಿ
ನೀರು ಹಳ್ಳ ಹಿಡಿದು
ಆಂಧ್ರದ ಕಡೆ ನಡೆದುಬಿಟ್ಟಿತು.

ಆಮೇಲೆ ಕೆಸರಿನಲ್ಲಿ ನಿಂತೇ ಮಾತಾಡಿದೆವು.
ಕುರ್ಚಿ ತಂದರೆ ಹೂತುಹೋಗುತ್ತಿತ್ತು.
ಅದೊಂದು ಅನುಕೂಲ.

ಹನ್ನೊಂದು ಮನೆ; ಅಮಾವಾಸ್ಯೆಗೊಂದು ಮನೆ.
ಮೊಳಕಾಲ್ಮೂರು ಸೀರೆ ನೇಯುವ ಖಾಜಾಹುಸೇನ್,
ಕುರಿಯ ಕಾಟಪ್ಪ, ತಾಂಡಾದ ಹೀರಿಬಾಯಿ,
ಕೆರೆ ಕೆಳಗೆ ಗುಂಟೆ ನೆಲವೂ ಇಲ್ಲದ ನಾನು.
ಹೊಲ ಇಲ್ಲದವರಿಗೆ ಕೀಲಿ ಯಾಕೆ ಅಂತ ಒಬ್ಬರು ಕೇಳಿದರು.
"ಹೊಲ ಇಲ್ದಿದ್ರೆ ಬಾಯಾರಿಕೇನೂ ಇರಲ್ವಾ?"
ಅಂದು ಸೂರಮ್ಮ ಎಲೆಯಡಿಕೆ ಉಗಿದಳು.

ಎಲ್ಲ ಚೆನ್ನಾಗಿ ನಡೆಯಿತು ಅಂದರೆ ಸುಳ್ಳು.
ಓಬಳೇಶ ಕೀಲಿಯಲ್ಲಿ ತೆಂಗಿನಕಾಯಿ ಒಡೆಯಲು ಹೋಗಿ
ಬಾಯಿ ಸೊಟ್ಟಗೆ ಮಾಡಿದ.
ಗಾದ್ರೆಪ್ಪ ತನ್ನ ತಿಂಗಳಲ್ಲಿ, ಸರಿರಾತ್ರಿ, ತನಗೇ ತಿರುವಿದ.
ಬೆಳಿಗ್ಗೆ ಅವನ ಈರುಳ್ಳಿ ಪಾತಿ
ಮುಖ ತೊಳೆದ ಕಳ್ಳನ ಹಾಗೆ ಹೊಳೆಯುತ್ತಿತ್ತು.
ಬೈದೆವು, ಬಾಯಿ ನೋಯುವಷ್ಟು. ದಂಡ ಹಾಕಲಿಲ್ಲ.
ಇನ್ನೊಂದು ತಿಂಗಳು ನೀನೇ ಇಟ್ಟುಕೋ ಅಂದೆವು.
ಆ ತಿಂಗಳೆಲ್ಲ ಅವನು
ತೂಬಿನ ಕಲ್ಲಿನ ಮೇಲೆ ಕಂಬಳಿ ಹಾಸಿ ಮಲಗಿದ.

ಮನೆ ಹನ್ನೊಂದು, ತಿಂಗಳು ಹನ್ನೆರಡು.
ಉಳಿದದ್ದು ಯಾರಿಗೆ ಎಂಬ ಜಗಳ ಏಳುವ ಮೊದಲೇ
ಹೀರಿಬಾಯಿ ಅಂದಳು, "ಅದು ಕೆರೆಗೇ ಇರಲಿ."

ಅದು ವೈಶಾಖ. ತಳದಲ್ಲಿ ಎರಡು ಗೇಣು ನೀರು.
ಏರಿಯ ಮೇಲಿನ ಕಮರದ ಮರಕ್ಕೆ ಕೀಲಿ ನೇತುಹಾಕಿ
ನಾವು ಬೋರಿನ ಮುಂದೆ ಬಿಂದಿಗೆ ಸಾಲು ನಿಲ್ಲುತ್ತೇವೆ.
ಆ ಎರಡು ಗೇಣು ಏಡಿಯದು, ಕೊರವನ ಮರಿಯದು,
ಹಿಂಡು ತಪ್ಪಿ ಇಳಿದ ಒಂಟಿ ಕೊಕ್ಕರೆಯದು,
ರಾತ್ರಿ ಗುಡ್ಡ ಇಳಿದು ಬರುವ ಕರಡಿಯದು.
ಅದು ನೀರು ಕುಡಿದು
ಕೆಸರಿನಲ್ಲಿ ಹೆಬ್ಬೆಟ್ಟು ಒತ್ತಿ ಹೋಗುತ್ತದೆ.

ಹೋದ ವೈಶಾಖದಲ್ಲೇ ಇಲಾಖೆಯ ಜೀಪು ಬಂತು.
"ಸಂಘದ ಅಧ್ಯಕ್ಷರು ಯಾರು? ಸಹಿ ಬೇಕಿತ್ತು."
ನಾವು ಒಬ್ಬರ ಮುಖ ಒಬ್ಬರು ನೋಡಿದೆವು.
ಗಾದ್ರೆಪ್ಪ, ಒಂಚೂರೂ ನಗದೆ, ಮರದ ಕಡೆ ಕೈ ತೋರಿಸಿದ.
ಕೀಲಿಯ ಮೇಲೆ ಮಿಂಚುಳ್ಳಿ ಕೂತಿತ್ತು.
ಸಾಹೇಬರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.
ಹೂಳೆತ್ತುವ ದುಡ್ಡು ಇನ್ನೂ ಬಂದಿಲ್ಲ.
ಕಾಲು ಭಾಗ ಬುಟ್ಟಿಯಲ್ಲಿ ನಾವೇ ಹೊತ್ತೆವು.
ಉಳಿದದ್ದು ಹಾಗೇ ಇದೆ.

ಈಗ ಹತ್ತು ಗಂಟೆ. ಗುಡ್ಡದ ಸಾಲಿನಲ್ಲಿ
ಗಾಳಿಯಂತ್ರಗಳ ಕೆಂಪು ದೀಪ ಹತ್ತಿ ಆರಿ ಹತ್ತಿ.
ಮಗಳನ್ನು ಮಲಗಿಸಿ, ಬ್ಯಾಟರಿ ಹಿಡಿದು ಬಂದಿದ್ದೇನೆ.
ಸೊಟ್ಟ ಬಾಯಿ ಕಚ್ಚಿಕೊಳ್ಳಲು ಎರಡು ಸಲ ಜಾರಿತು.
ಎಡಕ್ಕೆ ಒಂದು.
ಕೆಳಗೆಲ್ಲೋ ನೀರು ಗಂಟಲು ಸರಿಮಾಡಿಕೊಂಡಿತು.
ಎರಡು.
ಆಮೇಲೆ ತೋಳು ನಡುಗಿತೋ, ಮನಸ್ಸು ಎಲ್ಲೋ ಹೋಯಿತೋ,
ಎರಡಾಯಿತೋ ಮೂರಾಯಿತೋ ತಿಳಿಯದೆ ನಿಂತೆ.
ಕೂಗಲೇ? ಊರೆಲ್ಲ ಮಲಗಿದೆ.

ಆಚೆ ದಡದಲ್ಲಿ ಬೀಡಿಯ ಕೆಂಡ ಒಂದು ಸಲ ಮಿನುಗಿ,
"ಇನ್ನೊಂದು ಸುತ್ತು ಐತೆ ಕಣಕ್ಕ"
ಅಂದಿತು ಕತ್ತಲೆ.